ಹೂಳೆತ್ತಿದ ಕೆರೆಗೆ ಹೆಪ್ಪು

2024ರ ಫೆಬ್ರವರಿಯಲ್ಲಿ ನಮ್ಮ ಕೆರೆ ಅಂಗಳದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು. ಕೆ.ಆರ್.ಎಸ್. ಅಣೆಕಟ್ಟೆ ತುಂಬಲಿಲ್ಲ, ಅದರಿಂದ ಹೊರಡುವ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಬಾಲದಲ್ಲಿರುವ ನಮಗೆ ನೀರು ಮುಟ್ಟಲಿಲ್ಲ. ತೂಬಿನ ಹತ್ತಿರ ಒಂದಿಷ್ಟು ಕೆಸರು, ಅದರಲ್ಲಿ ಮೊಣಕಾಲುದ್ದ ನೀರು. ಉಳಿದಿದ್ದ ಮೀನನ್ನು ಡಿಸೆಂಬರ್‌ನಲ್ಲೇ ಹಿಡಿದು ಮಾರಿದ್ದೆವು.

ನಮ್ಮದು ಮದ್ದೂರು ತಾಲ್ಲೂಕು. ಬೆಸ್ತರ ಬೀದಿಯ ಹದಿನಾಲ್ಕು ಮನೆಯವರು ಸೇರಿ ಮಾಡಿಕೊಂಡ ಮೀನುಗಾರರ ಸಂಘ. ಲೆಕ್ಕ ಬರೆಯುವ ಕೆಲಸ ನನ್ನದು, ಅಂದರೆ ಬೈಸಿಕೊಳ್ಳುವ ಕೆಲಸವೂ ನನ್ನದೇ. ಕಾಗದದಲ್ಲಿ ಕೆರೆ 70 ಎಕರೆ. ಒತ್ತುವರಿ, ಜೊಂಡು, ಮುಳ್ಳುಜಾಲಿ ಕಳೆದರೆ ಐವತ್ತು ಸಿಕ್ಕಿದರೆ ಪುಣ್ಯ. 2021ರಲ್ಲಿ ಐದು ವರ್ಷಕ್ಕೆ ಮೀನು ಹಿಡಿಯೋ ಹಕ್ಕು ತಗೊಂಡೆವು. 2022ರ ಆಗಸ್ಟ್‌ನಲ್ಲಿ ಮಂಡ್ಯ, ರಾಮನಗರದ ಕಡೆ ಕೆರೆಗಳೆಲ್ಲ ಉಕ್ಕಿದವಲ್ಲ, ಆಗ ನಮ್ಮದೂ ಕೋಡಿ ಬಿತ್ತು. ಅರ್ಧ ಮೀನು ಕೋಡಿ ಹಾರಿ ಶಿಂಷೆ ಕಡೆ ಹೋಯಿತು. ಮರುವರ್ಷ ಬರ. ಸಾಲ ಹೇಗಿತ್ತು ಅಂತ ಬಿಡಿಸಿ ಹೇಳಬೇಕಿಲ್ಲ.

ಆಗ ಬಂತು ಹೂಳೆತ್ತುವ ಸುದ್ದಿ. ಹೊರಗಿನ ಒಂದು ಸಂಸ್ಥೆ ಹಿಟಾಚಿ (ಮಣ್ಣು ಅಗೆಯುವ ಯಂತ್ರ), ಡೀಸೆಲ್ ಖರ್ಚು ಕೊಡುತ್ತದೆ, ರೈತರು ತಮ್ಮ ಟ್ರ್ಯಾಕ್ಟರ್‌ನಲ್ಲಿ ಗೋಡು ಮಣ್ಣು ಹೊತ್ತುಕೊಳ್ಳಬೇಕು. ಊರಿಗೆ ಊರೇ ಖುಷಿ. ಕೆರೆಗೋಡು ಬಿದ್ದ ಗದ್ದೆಯಲ್ಲಿ ಎರಡು ಮೂರು ವರ್ಷ ಕಬ್ಬು ಹೇಗೆ ಬರುತ್ತದೆ ಅಂತ ಇಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ನಮಗೂ ಖುಷಿಯೇ. ನೀರು ಜಾಸ್ತಿ ನಿಂತರೆ ಮೀನಿಗೂ ಒಳ್ಳೆಯದು ತಾನೆ?

ನಕ್ಷೆ ನೋಡುವವರೆಗೆ ಹಾಗೇ ಅಂದುಕೊಂಡಿದ್ದೆ. ಇಡೀ ಅಂಗಳವನ್ನು ಒಂದೇ ಸಮ ನಾಲ್ಕಡಿ ಕೆರೆದು, ದಡವನ್ನು ಗೋಡೆ ಹಾಗೆ ನೆಟ್ಟಗೆ ಕತ್ತರಿಸಿ, ಸುತ್ತ ನಡೆಯೋ ದಾರಿ ಮಾಡುವುದು ಅವರ ಲೆಕ್ಕ. ಫೋಟೊದಲ್ಲಿ ಚೆನ್ನಾಗಿ ಕಾಣುತ್ತದೆ. ಆದರೆ ಅದು ಕೆರೆಯಲ್ಲ, ಊಟದ ತಟ್ಟೆ.

ನಮ್ಮ ಸಂಘದಲ್ಲೇ ಒಬ್ಬ ಕೇಳಿದ. "ಮಣ್ಣು ತೆಗೆದ್ರೆ ನಿಂಗೇನ್ ಕಷ್ಟನಣ್ಣ? ನೀರಿದ್ರೆ ಮೀನು, ಅಷ್ಟೇ ಅಲ್ವಾ?" ಅವನಿಗೆ ನಾನು ಕೊಟ್ಟ ಉತ್ತರವನ್ನೇ ಆಮೇಲೆ ಸಭೆಯಲ್ಲೂ ಹೇಳಿದೆ. ಹಾಲು ಎಷ್ಟೇ ಇರಲಿ, ಹೆಪ್ಪು ಹಾಕದಿದ್ದರೆ ಮೊಸರಾಗಲ್ಲ. ಹಳೇ ಹೂಳು ಕೆರೆಗೆ ಹೆಪ್ಪು. ನಾವು ಸಾಕುವ ಮೀನಲ್ಲಿ ಕಾಟ್ಲಾ ಮೇಲ್ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳನ್ನು ತಿಂದು ಬೆಳೆಯುತ್ತದೆ. ರೋಹು ನಡುವಿನ ನೀರಿನದು. ಮೃಗಾಲ್ ತಳದ ಕೊಳೆತ ಎಲೆ, ಕಸಕಡ್ಡಿ ಕೆದಕುತ್ತದೆ. ಈ ಮೂರಕ್ಕೂ ಊಟ ಹುಟ್ಟುವುದು ತಳದ ಮಣ್ಣಿನ ಸಾರದಿಂದ. ಆ ಸಾರವನ್ನೆಲ್ಲ ಗದ್ದೆಗೆ ಸಾಗಿಸಿ, ಕೆಳಗಿನ ಬೋಳು ಜೇಡಿಯ ಮೇಲೆ ನೀರು ನಿಲ್ಲಿಸಿದರೆ ಮೀನು ಬದುಕುತ್ತದೆ, ಬೆಳೆಯಲ್ಲ. ಪಕ್ಕದ ಹೋಬಳಿಯ ಒಂದು ಕೆರೆಯಲ್ಲಿ ಹಿಂದೆ ಹೀಗೇ ಆಗಿತ್ತು. ತಲೆ ದಪ್ಪ, ಮೈ ಸಣಕಲು. ಅಂಥ ಮೀನನ್ನು ಯಾರೂ ಕೊಳ್ಳಲ್ಲ.

ಇನ್ನೊಂದು ಸಂಗತಿ ಕಪ್ಪೆಚಿಪ್ಪಿನದು. ನಮ್ಮ ಕೆರೆ ಕೆಸರಿನಲ್ಲಿ ಅಂಗೈಯಗಲದ ಚಿಪ್ಪುಗಳಿದ್ದವು. ಹಿಂದೆ ಅವನ್ನು ಸುಟ್ಟು ಸುಣ್ಣ ಮಾಡುತ್ತಿದ್ದರು. ಈಗ ಅದರ ಕಡೆ ಯಾರೂ ನೋಡಲ್ಲ. ಆದರೆ ಅರ್ಧ ಮೈ ಕೆಸರಲ್ಲಿ ಹೂತು, ಬಾಯಿ ತೆರೆದು, ದಿನವಿಡೀ ನೀರು ಸೋಸುವುದೇ ಅದರ ಕೆಲಸ. ಅದರ ಸಂತಾನವೂ ಮೀನನ್ನೇ ನಂಬಿಕೊಂಡಿದೆ. ಮರಿಗಳು ಮೀನಿನ ಕಿವಿರಿಗೋ ರೆಕ್ಕೆಗೋ ಅಂಟಿಕೊಂಡು ಕೆಲವು ದಿನ ಸವಾರಿ ಮಾಡಿ, ಆಮೇಲೆ ತಳಕ್ಕೆ ಉದುರುತ್ತವೆ. ಮೀನಿಲ್ಲದ ಕೆರೆಯಲ್ಲಿ ಚಿಪ್ಪಿನ ವಂಶ ನಿಂತುಹೋಗುತ್ತದೆ. ಹಿಟಾಚಿ ಬಕೆಟ್‌ಗೆ ಇದೆಲ್ಲ ಗೊತ್ತಾಗುತ್ತದೆಯೇ? ಮೊದಲ ದಿನವೇ ಟ್ರ್ಯಾಕ್ಟರ್ ಮಣ್ಣಿನಲ್ಲಿ ನೂರಾರು ಚಿಪ್ಪು ಗದ್ದೆಗೆ ಹೋದವು.

ಎರಡನೇ ದಿನ ನಾವು ಯಂತ್ರದ ಮುಂದೆ ನಿಂತೆವು. ಜಗಳ ಆಯಿತು. "ಊರ ಕೆಲಸಕ್ಕೆ ಅಡ್ಡ ಬರ್ತಾರೆ ಬೆಸ್ತರು" ಅಂತ ಮಾತೂ ಬಂತು. ಅದು ನೋಯಿಸಿತು. ನಮ್ಮ ಪುಣ್ಯಕ್ಕೆ ಕೆಲಸ ನೋಡಿಕೊಳ್ಳುತ್ತಿದ್ದ ಎಂಜಿನಿಯರ್ ಹುಡುಗ ಒಳ್ಳೆಯವನು. ಅರಳಿಕಟ್ಟೆಯಲ್ಲಿ ಕೂತು ಮೂರು ಗಂಟೆ ಕೇಳಿಸಿಕೊಂಡ. ಏರಿಯ ಬುಡದಲ್ಲಿ ಅಗೆದರೆ ಏರಿಗೇ ಅಪಾಯ, ಅಲ್ಲಿ ಹೇಗೂ ಜಾಗ ಬಿಡಬೇಕು ಅಂತ ಅವನೇ ಹೇಳಿದ. ಅಲ್ಲಿಂದ ಮಾತು ಹಳಿಗೆ ಬಂತು.

ಕೊನೆಗೆ ಒಪ್ಪಿದ್ದು ಇಷ್ಟು. ತೂಬಿನ ಪಕ್ಕದ ಕೆಸರಿನಲ್ಲಿ ಸುಮಾರು ಎರಡು ಎಕರೆ ಮುಟ್ಟುವ ಹಾಗಿಲ್ಲ, ಅದೇ ಹೆಪ್ಪು. ನಡು ಅಂಗಳದಲ್ಲಿ ಒಂದು ಮಡು, ಉಳಿದ ಜಾಗಕ್ಕಿಂತ ಆಳ, ಬೇಸಿಗೆಯಲ್ಲಿ ಮೀನಿಗೆ ಆಸರೆ. ದಡ ನೆಟ್ಟಗೆ ಕತ್ತರಿಸದೆ ಇಳಿಜಾರು ಮಾಡುವುದು. ಇದನ್ನು ನಾವು ಕೇಳಿದ್ದು ಮೀನಿಗಾಗಿ, ಒಪ್ಪಿಸಿದ್ದು ಊರ ಹೆಂಗಸರು. ಹೂಳೆತ್ತಿದ ಗುಂಡಿಯಲ್ಲಿ ದನ ಜಾರುವುದು, ಈಜಲು ಹೋದ ಮಕ್ಕಳು ಮೇಲೆ ಬರದಿರುವುದು ನಮ್ಮ ಸುತ್ತಮುತ್ತ ಹೊಸ ಸುದ್ದಿಯಲ್ಲ. ಒಬ್ಬ ಅಜ್ಜಿ ಎದ್ದು ನಿಂತು, "ನಿಮ್ ಮೀನು ಹಾಳಾಗೋಗ್ಲಿ, ನನ್ ಮೊಮ್ಮಗ ಇಳಿಯೋ ಕೆರೆ ಇದು" ಅಂದರು. ಅಲ್ಲಿಗೆ ಚರ್ಚೆ ಮುಗಿಯಿತು.

ಇನ್ನೊಂದು ಷರತ್ತನ್ನು ನಮ್ಮ ಹಿರಿಯರೊಬ್ಬರು ಹಾಕಿಸಿದರು. ಮರಳು ಪದರ ಕಂಡ ಕಡೆ ಅಗೆತ ನಿಲ್ಲಬೇಕು. ಕೆರೆಯ ನೀರನ್ನು ಹಿಡಿದಿಡುವುದು ತಳದ ಜೇಡಿ. ಅದನ್ನು ಸೀಳಿದರೆ ತುಂಬಿದ ನೀರು ತಿಂಗಳಲ್ಲಿ ಇಂಗುತ್ತದೆ. ಇಂಗಿದರೆ ಬೋರ್‌ವೆಲ್‌ಗೆ ಒಳ್ಳೆಯದಲ್ವಾ ಅಂತ ಕೆಲವರು ವಾದಿಸಿದರು. ಅವರ ಮಾತಲ್ಲಿ ಸುಳ್ಳಿಲ್ಲ. ಆದರೆ ಗದ್ದೆಗೆ ತೂಬಿನ ನೀರು ಬೇಕಾದವರು ನಮ್ಮ ಪಕ್ಷಕ್ಕೆ ಬಂದರು. ಕೆರೆ ಅಂದರೆ ಹಾಗೇ. ಇವತ್ತಿನ ಎದುರಾಳಿ ನಾಳೆ ನಿಮ್ಮ ಪಕ್ಕ ಕೂತಿರುತ್ತಾನೆ.

ಆಮೇಲೆ ಹದಿನಾರು ದಿನ ಬೆಳಗ್ಗೆ ಐದಕ್ಕೆ ಎದ್ದು ಚಿಪ್ಪು ಆರಿಸಿದೆವು. ಹಿಟಾಚಿ ಬರುವ ಮೊದಲು ಅವತ್ತು ಅಗೆಯುವ ಜಾಗದಲ್ಲಿ ಕೈ ಹಾಕಿ ಹುಡುಕುವುದು, ಮಂಕರಿಗೆ ತುಂಬುವುದು, ತೂಬಿನ ಕೆಸರಿಗೆ ಹೊತ್ತು ಹಾಕುವುದು. ಶಾಲೆ ಮಕ್ಕಳೂ ಬಂದರು. ಸುಮಾರು ನಲವತ್ತು ಮಂಕರಿ ಆಯಿತು. ಎಷ್ಟು ಬದುಕುತ್ತವೋ ನಮಗೂ ಅಂದಾಜಿರಲಿಲ್ಲ. ಊರವರು ನಗುತ್ತಿದ್ದರು, ನಗಲಿ.

ಆ ದಿನಗಳಲ್ಲೇ ನನ್ನ ಭಾವಮೈದನ ಮಗ ಅಮೆರಿಕದಿಂದ ಫೋನ್ ಮಾಡಿದ್ದ. ಚಿಪ್ಪಿನ ಕಥೆ ಕೇಳಿ, "ಮಾವ, ಇಲ್ಲಿ ಲೂಸಿಯಾನದಲ್ಲೂ ಇದೇ ಜಗಳ, ಆದ್ರೆ ತಲೆಕೆಳಗು" ಅಂದ. ಅಲ್ಲಿ ಸಮುದ್ರದಂಚಿನ ಸಿಂಪಿ (ಉಪ್ಪುನೀರಿನ ಚಿಪ್ಪುಜೀವಿ, ಆಯ್ಸ್ಟರ್) ಹಿಡಿಯುವುದೇ ಸಾವಿರಾರು ಜನರ ಕಸುಬು. ಮಿಸಿಸಿಪ್ಪಿ ನದಿಯ ಎರಡೂ ಕಡೆ ಏರಿ ಕಟ್ಟಿದ ಮೇಲೆ ಹೂಳು ಪಕ್ಕದ ಜೌಗಿಗೆ ಹರಿಯದೆ ನೇರ ಸಮುದ್ರಕ್ಕೆ ಹೋಯಿತು. ಹೀಗೆ, ಇನ್ನೂ ಬೇರೆ ಕಾರಣಗಳೂ ಸೇರಿ, 1930ರ ದಶಕದಿಂದ ಈಚೆಗೆ ಸುಮಾರು 5,000 ಚದರ ಕಿಲೋಮೀಟರ್ ನೆಲ ನೀರು ಪಾಲಾಗಿದೆ. ಅದಕ್ಕೆ ಏರಿ ಸೀಳಿ ಹೂಳು ನೀರನ್ನು ಜೌಗಿಗೆ ಬಿಡುವ ದೊಡ್ಡ ಯೋಜನೆಯನ್ನು 2023ರಲ್ಲಿ ಶುರು ಮಾಡಿದ್ದರು. ಸುಮಾರು 300 ಕೋಟಿ ಡಾಲರ್ ಖರ್ಚು. 2010ರಲ್ಲಿ ಡೀಪ್‌ವಾಟರ್ ಹೊರೈಜನ್ ಎಣ್ಣೆ ಬಾವಿ ಸಿಡಿದು ಕಡಲು ಹಾಳಾಯಿತಲ್ಲ, ಆ ಪರಿಹಾರದ ಹಣವೇ ಇದಕ್ಕೆ ಮೂಲ. ಆದರೆ ಸಿಹಿನೀರು ನುಗ್ಗಿದರೆ ಉಪ್ಪು ಕಮ್ಮಿಯಾಗುತ್ತದೆ, ಉಪ್ಪು ಕಮ್ಮಿಯಾದರೆ ಸಿಂಪಿ ಸಾಯುತ್ತದೆ. ಎಣ್ಣೆಯ ಹೊಡೆತದಿಂದ ಈಗತಾನೇ ಏಳುತ್ತಿರುವ ನಮ್ಮನ್ನು ಮತ್ತೆ ಮುಳುಗಿಸ್ತೀರಾ ಅಂತ ಸಿಂಪಿಯವರು ಕೇಳಿದರು. ನೆಲವೇ ಇಲ್ಲದಿದ್ದರೆ ನಿಮ್ಮ ಸಿಂಪಿ ಎಲ್ಲಿರುತ್ತದೆ ಅಂತ ಉಳಿದವರು ಕೇಳಿದರು. 2025ರ ಜುಲೈನಲ್ಲಿ ಸರ್ಕಾರ ಆ ಯೋಜನೆ ಕೈಬಿಟ್ಟಿತು ಅಂತ ಅವನೇ ಮತ್ತೆ ಹೇಳಿದ. ಅಲ್ಲಿ ಹೂಳು ಹಾಕಬೇಕು ಅಂತ ಜಗಳ, ಇಲ್ಲಿ ತೆಗೆಯಬೇಕು ಅಂತ. ಎರಡು ಕಡೆಯವರ ಮಾತೂ ನನಗೆ ಸರಿ ಅನ್ನಿಸಿತು. ಅದೇ ಕಷ್ಟ.

ಅವನು ಹೇಳಿದ ಒಂದು ವಿಷಯ ಮಾತ್ರ ನನ್ನ ತಲೆಯಲ್ಲಿ ಕೂತಿತು. ಸಿಂಪಿಯ ಮರಿ ಕೂರಲು ಗಟ್ಟಿ ತಳ ಬೇಕು, ಅದಕ್ಕೆ ಅವರು ಹಳೇ ಚಿಪ್ಪುಗಳನ್ನೇ ತಂದು ನೀರಿಗೆ ಸುರಿಯುತ್ತಾರಂತೆ. ಅವರದೂ ಒಂಥರಾ ಹೆಪ್ಪೇ.

ನಮಗಿದ್ದ ದೊಡ್ಡ ಪ್ರಶ್ನೆ ಹೊಟ್ಟೆಯದು. ಪಂಚಾಯಿತಿಗೆ ಅರ್ಜಿ ಕೊಟ್ಟು, ಬರದ ವರ್ಷ ಮತ್ತು ಹೂಳೆತ್ತಿದ ವರ್ಷ ಎರಡನ್ನೂ ಮೀನು ಹಕ್ಕಿನ ಐದು ವರ್ಷದ ಲೆಕ್ಕದಿಂದ ಬಿಡಿ ಅಂತ ಕೇಳಿದೆವು. ಒಂದು ವರ್ಷ ಮುಂದೂಡಿದರು, ಇನ್ನೊಂದಕ್ಕೆ ಹಣ ಕಟ್ಟಿಸಿಕೊಂಡರು. ಟ್ರ್ಯಾಕ್ಟರ್ ಲೋಡ್ ಲೆಕ್ಕ ಬರೆಯುವ ದಿನಗೂಲಿ ನಾಲ್ವರಿಗೆ ಸಿಕ್ಕಿತು. ಮೂರು ಮನೆಯವರು ಬೆಂಗಳೂರಿಗೆ ಹೋದರು. ಅದರಲ್ಲಿ ಇಬ್ಬರು ವಾಪಸ್ ಬಂದಿದ್ದಾರೆ. ಇನ್ನೊಬ್ಬ ಹೋಗುವ ಮೊದಲು ಹರಿಗೋಲು ಮಾರಿದ. ಕೊಂಡವನು ನಾನೇ. ಅವನು ಈಗಲೂ ನನ್ನ ಜೊತೆ ಸರಿಯಾಗಿ ಮಾತಾಡಲ್ಲ.

ಜುಲೈ ಕೊನೆಗೆ ಕೆ.ಆರ್.ಎಸ್. ತುಂಬಿತು, ಆಗಸ್ಟ್‌ನಲ್ಲಿ ನಮ್ಮ ಕೆರೆಗೆ ನೀರು. ಬಂದ ನೀರು ಕೆಂಪಗೆ, ಟೀ ಡಿಕಾಕ್ಷನ್‌ಗೆ ಜೇಡಿ ಕಲಸಿದ ಹಾಗೆ. ಹೊಸದಾಗಿ ಅಗೆದ ಮಣ್ಣು ತಿಂಗಳುಗಟ್ಟಲೆ ಕೂರಲೇ ಇಲ್ಲ. ಬಿಸಿಲು ಒಳಗೆ ಇಳಿಯದಿದ್ದರೆ ನೀರು ಹಸಿರಾಗಲ್ಲ, ಹಸಿರಾಗದಿದ್ದರೆ ಮೀನಿಗೆ ಊಟವಿಲ್ಲ. ಮೊಣಕೈವರೆಗೆ ಕೈ ಮುಳುಗಿಸಿ ಅಂಗೈ ಕಾಣದಿದ್ದರೆ ನೀರಿನಲ್ಲಿ ಊಟವಿದೆ ಅಂತ ನಾವು ಪರೀಕ್ಷೆ ಮಾಡುವುದುಂಟು. ಕದಡಿದ ನೀರಿನಲ್ಲಿ ಆ ಪರೀಕ್ಷೆ ಮೋಸ ಮಾಡುತ್ತದೆ. ಅಂಗೈ ಕಾಣಲ್ಲ, ಆದರೆ ಅದು ಬರೀ ಮಣ್ಣು. ಬಣ್ಣ ನೋಡಬೇಕು.

ಸೆಪ್ಟೆಂಬರ್‌ನಲ್ಲಿ ದಡದಂಚಿನ ನೀರಿಗೆ ಎಕರೆಗೆ ನೂರು ಕೆಜಿಯಂತೆ ಸುಣ್ಣ ಎರಚಿದೆವು. ವಾರ ಬಿಟ್ಟು ಸಗಣಿ ಗೊಬ್ಬರ. ಇಡೀ ಕೆರೆಗೆ ಹಾಕುವಷ್ಟು ಹಣ ಎಲ್ಲಿದೆ? ಹಸಿರು ಮೊದಲು ಕಂಡಿದ್ದು ಎಲ್ಲಿ ಗೊತ್ತಾ? ತೂಬಿನ ಹತ್ತಿರ, ನಾವು ಮುಟ್ಟದೆ ಬಿಟ್ಟ ಎರಡು ಎಕರೆಯ ಮೇಲೆ. ಅಲ್ಲಿಂದ ನಿಧಾನಕ್ಕೆ ಹರಡಿತು. ನಗುತ್ತಿದ್ದವರನ್ನೇ ಕರೆದು ತೋರಿಸಿದೆ.

ಅಕ್ಟೋಬರ್‌ನಲ್ಲಿ ಮರಿ ಬಿಟ್ಟೆವು, ಮಾಮೂಲಿಗಿಂತ ಅರ್ಧ. ತಳ ಬೋಳಾಗಿದ್ದರಿಂದ ಮೃಗಾಲ್ ತೀರಾ ಕಮ್ಮಿ. ಸಾಮಾನ್ಯ ಗೆಂಡೆ ಮೀನು ಬೇಡವೇ ಬೇಡ ಅಂದೆ. ಅದು ಹಂದಿ ಹಾಗೆ ತಳ ಅಗೆದು ನೀರು ಇನ್ನೂ ಕದಡುತ್ತದೆ. ಹುಲ್ಲುಗೆಂಡೆಯನ್ನೂ ಬಿಡಲಿಲ್ಲ, ದಡದ ಇಳಿಜಾರಿನಲ್ಲಿ ಆಗತಾನೇ ಹುಲ್ಲು, ಜೊಂಡು ಚಿಗುರುತ್ತಿತ್ತು. ಜಿಲೇಬಿ ಮೀನನ್ನು (ತಿಲಾಪಿಯಾ) ಯಾರೂ ಬಿಡಬೇಕಿಲ್ಲ, ಅದು ಕರೆಯದೆ ಬರುವ ನೆಂಟ.

ಮರಿಗಳನ್ನು ಬೆರಳುದ್ದ ಆಗುವವರೆಗೆ ಕೊಳದಲ್ಲಿ ಸಾಕಿ ಬಿಟ್ಟಿದ್ದು ಹೆಜ್ಜಾರ್ಲೆ, ನೀರುಕಾಗೆಗಳ ಭಯಕ್ಕೆ. ಕೊಕ್ಕರೆ ಬೆಳ್ಳೂರು ನಮಗೆ ದೂರವೇನಲ್ಲ. ಅಲ್ಲಿಯವರು ಆ ಹಕ್ಕಿಗಳನ್ನು ಬಾಣಂತನಕ್ಕೆ ತವರಿಗೆ ಬರುವ ಹೆಣ್ಣುಮಕ್ಕಳು ಅಂತಾರೆ. ನಿಜ. ಊಟ ಮಾತ್ರ ನಮ್ಮ ಕೆರೆಯಲ್ಲಿ! ಓಡಿಸಲು ಪಟಾಕಿ ಹೊಡೆಯೋಣ ಅಂದವರಿದ್ದರು. ನಾನು ಒಪ್ಪಲಿಲ್ಲ. 2017ರ ಕೊನೆಯಿಂದ ಕೆಲವು ತಿಂಗಳು ಅಲ್ಲಿ ಹೆಜ್ಜಾರ್ಲೆಗಳು ಸಾಲಾಗಿ ಸತ್ತು ಬಿದ್ದಾಗ ಹೊಟ್ಟೆಯಲ್ಲಿ ಹುಳು ಸಿಕ್ಕಿತ್ತು, ಕೊಳಕು ನೀರಿನ ಮೀನಿನ ಮೇಲೆ ಅನುಮಾನ ಬಂದಿತ್ತು. ಆ ಮೀನನ್ನೇ ಅಲ್ವಾ ನಾವೂ ತಿನ್ನುವುದು, ಮಾರುವುದು? ಹಾಗಾಗಿ ಊರ ಚರಂಡಿ ಕೆರೆಗೆ ಸೇರುವ ಬಾಯಲ್ಲಿ ಒಂದು ಗುಂಡಿ ತೋಡಿಸಿ, ಅದರ ಮುಂದೆ ಜೊಂಡು ಬೆಳೆಯಲು ಬಿಟ್ಟೆವು. ಹೂಳೂ ಕಸವೂ ಅಲ್ಲೇ ನಿಲ್ಲುತ್ತದೆ. ವರ್ಷಕ್ಕೊಮ್ಮೆ ಅದನ್ನು ಬಾಚಬೇಕು. ಯಾರು ಬಾಚಬೇಕು ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ.

2025ರ ಜೂನ್‌ನಲ್ಲಿ ಎಳೆಬಲೆ ಹಾಕಿದೆವು. ಒಳ್ಳೆಯ ವರ್ಷಗಳಲ್ಲಿ ಒಂಬತ್ತು ಟನ್ ಕಂಡ ಕೆರೆ ಇದು. ಈ ಸಲ ನಾಲ್ಕು ಟನ್‌ಗೆ ಸ್ವಲ್ಪ ಕಮ್ಮಿ. ಆದರೆ ಮೀನು ಸಣಕಲಾಗಿರಲಿಲ್ಲ, ಕಾಟ್ಲಾ ಒಂದೂವರೆ ಕೆಜಿ ಹತ್ತಿರ ತೂಗಿತು. ಏರಿ ಮೇಲೆ ಕೆಜಿಗೆ 120 ರೂಪಾಯಿಗೆ ಹೋಯಿತು. ಮರಿ, ಸುಣ್ಣ, ಪಂಚಾಯಿತಿ ಹಣ ಕಳೆದು ಮನೆಗೆ ಹದಿನೆಂಟು ಸಾವಿರ ಬಂತು. ವರ್ಷದ ದುಡಿಮೆಗೆ ಇದೇನೂ ಅಲ್ಲ. ಹಳೇ ಸಾಲದ ಅಸಲು ಹಾಗೇ ಇದೆ.

ತಪ್ಪೂ ಆಗಿದೆ. ಮಡುವಿನ ನೀರನ್ನು ಯಾರೂ ಎತ್ತಬಾರದು ಅಂತ ಬಾಯಿಮಾತಲ್ಲಿ ಒಪ್ಪಿದ್ದೆವು, ಕಾಗದದಲ್ಲಿ ಬರೆಸಲಿಲ್ಲ. ಏಪ್ರಿಲ್‌ನಲ್ಲಿ ರಾತ್ರಿ ಹೊತ್ತು ಎರಡು ಡೀಸೆಲ್ ಪಂಪು ಇಳಿದಿದ್ದವು. ಪಂಪು ಇಟ್ಟಿದ್ದ ರೈತನನ್ನು ಹೋಗಿ ಕೇಳಿದರೆ, "ಕಬ್ಬು ಒಣಗ್ತಾ ಐತೆ ಕಣಣ್ಣ, ನಿನ್ ಮೀನು ನೋಡ್ಕೊಂಡು ಕೂರ್ಲಾ?" ಅಂದ. ನಮ್ಮ ಚಿಪ್ಪಿನ ಮಂಕರಿ ಹೊತ್ತಿದ್ದ ಹುಡುಗನ ಅಪ್ಪ ಅವನು. ಏನಂತ ಜಗಳ ಆಡಲಿ? ಇನ್ನು ಮೂರು ರಾತ್ರಿ ಹೊಡೆದುಕೋ, ಆಮೇಲೆ ಬೇಡ ಅಂದೆ. ನಾಲ್ಕು ರಾತ್ರಿ ಹೊಡೆದ.

2025ರ ಸೆಪ್ಟೆಂಬರ್‌ನಲ್ಲಿ ಮೃಗಾಲ್ ಸ್ವಲ್ಪ ಜಾಸ್ತಿ ಬಿಟ್ಟೆವು. ಮರಿ ಬಿಡುವ ದಿನ ತೂಬಿನ ಹತ್ತಿರ ನೀರಿಗಿಳಿದಿದ್ದ ನನ್ನ ಮಗ ಕಾಲಿಗೆ ಏನೋ ಚುಚ್ಚಿತು ಅಂತ ಬಗ್ಗಿ ಎತ್ತಿದ. ಹೆಬ್ಬೆರಳ ಉಗುರಿನಷ್ಟು ಕಪ್ಪೆಚಿಪ್ಪು. ನಾವು ಹೊತ್ತು ಹಾಕಿದ್ದೆಲ್ಲ ಅಂಗೈಯಗಲದವು, ಇದು ಇಲ್ಲೇ ಹುಟ್ಟಿದ್ದು. ಜೇಬಿಗೆ ಹಾಕಿಕೊಳ್ಳಲು ಹೋದ. ಬೈದು ವಾಪಸ್ ಕೆಸರಿಗೆ ಇಡಿಸಿದೆ.