ನ್ಯೂಟ್ರಿನೋ ಕಲಿಯಲು ನಾನು ಮಾಡಿಕೊಂಡ ವ್ಯವಸ್ಥೆ

ನಾನು ಬಂಗಾರಪೇಟೆ ಹತ್ತಿರದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಒಂದು ದಿನ ಒಂಬತ್ತನೇ ತರಗತಿಯ ಹುಡುಗಿ ಕೇಳಿದಳು, "ಸರ್, ಕೆಜಿಎಫ್ ಗಣೀಲಿ ಚಿನ್ನ ಅಲ್ದೆ ಬೇರೇನೋ ಹುಡುಕ್ತಿದ್ರಂತೆ. ನಮ್ಮ ತಾತ ಹೇಳ್ತಾರೆ. ಏನದು?"

ನ್ಯೂಟ್ರಿನೋ ಅನ್ನುವ ಹೆಸರು ಗೊತ್ತಿತ್ತು, ಅದೊಂದು ಅತಿ ಸೂಕ್ಷ್ಮ ಕಣ ಅಂತಲೂ ಗೊತ್ತಿತ್ತು. ಅದರಾಚೆ ಒಂದು ವಾಕ್ಯವೂ ಬರಲಿಲ್ಲ. ನಮ್ಮ ತಾಲ್ಲೂಕಿನ ಪಕ್ಕದಲ್ಲೇ ನಡೆದ ಕೆಲಸ, ನನಗೇ ಗೊತ್ತಿಲ್ಲವಲ್ಲ ಅಂತ ತುಂಬಾ ಬೇಜಾರಾಯಿತು.

ಮೊದಲ ತಿಂಗಳು ಸಿಕ್ಕಿದ್ದನ್ನೆಲ್ಲ ಸೇವ್ ಮಾಡಿದೆ. ವಾಟ್ಸಾಪ್‌ನಲ್ಲಿ ನನಗೇ ಕಳಿಸಿಕೊಂಡ ಲಿಂಕ್‌ಗಳು, ಯೂಟ್ಯೂಬ್ ವಿಡಿಯೋಗಳು, ಪಿಡಿಎಫ್‌ಗಳು. ಮೊಬೈಲ್ ತುಂಬಿತು, ತಲೆಗೆ ಏನೂ ಹೋಗಲಿಲ್ಲ. ಆಮೇಲೆ ಒಂದು ನಿಯಮ ಮಾಡಿಕೊಂಡೆ. ಓದಿದ್ದರ ಬಗ್ಗೆ ಕನ್ನಡದಲ್ಲಿ ಮೂರು ವಾಕ್ಯ ಬರೆಯಬೇಕು. ಬರೆಯಲು ಆಗದಿದ್ದರೆ ಆ ಲಿಂಕ್ ಅಳಿಸಬೇಕು.

ನನ್ನ ಓದೆಲ್ಲ ನಿಂತಿರುವುದು ಈ ಮೂರು ವಾಕ್ಯದ ಮೇಲೆ. ಯಾಕಂದ್ರೆ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ನ್ಯೂಟ್ರಿನೋ ಹುಡುಕಲು ವಿಜ್ಞಾನಿಗಳು ಗಣಿಯ ಆಳಕ್ಕೆ ಯಾಕೆ ಹೋದರು ಅನ್ನುವುದಕ್ಕೆ ಮೊದಲು "ಬಂಡೆ ನ್ಯೂಟ್ರಿನೋವನ್ನು ಹಿಡಿದಿಡುತ್ತದೆ" ಅಂತ ಬರೆದಿದ್ದೆ. ಅದು ಪೂರ್ತಿ ಉಲ್ಟಾ. ನ್ಯೂಟ್ರಿನೋ ಬಂಡೆಯನ್ನಲ್ಲ, ಭೂಮಿಯನ್ನೇ ದಾಟಿ ಹೋಗುತ್ತದೆ. ಬಂಡೆ ತಡೆಯುವುದು ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳಿಂದ ಹುಟ್ಟಿ ಮೇಲಿಂದ ಸುರಿಯುವ, ಎಲೆಕ್ಟ್ರಾನಿನಂಥದ್ದೇ ಆದರೆ ಅದಕ್ಕಿಂತ ಭಾರವಾದ ಕಣಗಳಾದ ಮ್ಯುವಾನ್‌ಗಳನ್ನು. ಎಲ್ಲೋ ಒಂದು ನ್ಯೂಟ್ರಿನೋ ಉಪಕರಣದ ಹತ್ತಿರದ ಬಂಡೆಗೆ ತಾಗಿದರೆ ಅಲ್ಲೇ ಹೊಸ ಮ್ಯುವಾನ್ ಹುಟ್ಟುತ್ತದೆ. ಉಪಕರಣವನ್ನು ಗೋಡೆಯಂತೆ ನಿಲ್ಲಿಸಿದ್ದರು. ಅಡ್ಡಡ್ಡ ಬರುವ ಮ್ಯುವಾನ್ ಸಿಕ್ಕರೆ ಅದು ಮೇಲಿಂದ ಬಂದಿದ್ದಲ್ಲ, ಅಷ್ಟು ದಪ್ಪ ಬಂಡೆಯನ್ನು ಅದು ಅಡ್ಡಲಾಗಿ ದಾಟಲಾರದು. ಹಾಗಾದರೆ ಅದರ ಹಿಂದೆ ಇರುವುದು ನ್ಯೂಟ್ರಿನೋನೇ. ಇದು ಹೊಳೆದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

1965ರಲ್ಲಿ ಚಾಂಪಿಯನ್ ರೀಫ್ ಗಣಿಯಲ್ಲಿ, ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ನ್ಯೂಟ್ರಿನೋದಿಂದ ಹುಟ್ಟಿದ ಇಂಥ ಮ್ಯುವಾನ್ ಸಿಕ್ಕಿತು. ಮುಂಬೈನ ಸಂಶೋಧನಾ ಸಂಸ್ಥೆ ಟಿಐಎಫ್ಆರ್ ಜೊತೆ ಜಪಾನಿನ ಒಸಾಕಾ ಸಿಟಿ ಮತ್ತು ಇಂಗ್ಲೆಂಡಿನ ಡರಮ್ ವಿಶ್ವವಿದ್ಯಾಲಯದವರಿದ್ದರು. ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲೂ ಇನ್ನೊಂದು ತಂಡಕ್ಕೆ ಸಿಕ್ಕಿತು. ಎರಡೂ ಕಡೆ ಚಿನ್ನಕ್ಕಾಗಿ ತೋಡಿದ ಗುಂಡಿಯೇ ದಾರಿಯಾಯಿತು ನೋಡಿ.

ಉಪಯೋಗಿಸುವ ಸಾಧನಗಳು ಕಡಿಮೆ. ಪಾಠಕ್ಕೆ ಐಐಟಿಗಳ ಉಚಿತ ವಿಡಿಯೋ ಪಾಠಗಳ ತಾಣ ಎನ್‌ಪಿಟಿಇಎಲ್, ರಾತ್ರಿ ಡೌನ್‌ಲೋಡ್ ಮಾಡಿಕೊಂಡು ಬಸ್ಸಿನಲ್ಲಿ ನೋಡುತ್ತೇನೆ. ಓದಲು ಭಾರತೀಯ ವಿಜ್ಞಾನ ಅಕಾಡೆಮಿಯ ರೆಸೊನೆನ್ಸ್ ಪತ್ರಿಕೆ. 1996ರಿಂದ ಬರುತ್ತಿದೆ, ನೆಟ್ಟಿನಲ್ಲಿ ಉಚಿತ, ನಮ್ಮಂಥ ಮೇಷ್ಟ್ರುಗಳಿಗೆ ಹೇಳಿ ಮಾಡಿಸಿದಂತಿದೆ. ಪಿಡಿಎಫ್‌ಗಳು ಓದಿದ್ದನ್ನು ಜೋಡಿಸಿಡುವ ಜೊಟೆರೋ ಆ್ಯಪ್‌ನಲ್ಲಿ. ಮರೆಯುವ ಸಂಗತಿಗಳು ಆಂಕಿ ಅನ್ನುವ, ಪ್ರಶ್ನೋತ್ತರ ಕಾರ್ಡುಗಳನ್ನು ಮತ್ತೆ ಮತ್ತೆ ಕೇಳುವ ಆ್ಯಪ್‌ನ ಕಾರ್ಡಿನಲ್ಲಿ, ದಿನಕ್ಕೆ ಹತ್ತೇ ಹೊಸ ಕಾರ್ಡು. ಮೊದಲು ಐವತ್ತು ಹಾಕಿದ್ದೆ, ಒಂದೇ ವಾರಕ್ಕೆ ರಾಶಿ ಬಿತ್ತು. ಇನ್ನೊಮ್ಮೆ ಮೊಬೈಲ್ ನೀರಿಗೆ ಬಿದ್ದು, ಸಿಂಕ್ ಮಾಡಿರದ ಕಾರ್ಡುಗಳೆಲ್ಲ ಹೋದವು. ಮೂರು ವಾಕ್ಯಗಳ ನೋಟ್‌ಬುಕ್ ಮಾತ್ರ ಉಳಿಯಿತು. ಈಗ ಮಲಗುವ ಮುಂಚೆ ತಪ್ಪದೆ ಸಿಂಕ್ ಮಾಡುತ್ತೇನೆ.

ಒಂದು ಭಾನುವಾರ ಆ ಹುಡುಗಿಯ ತಾತನ ಮನೆಗೆ ಹೋಗಿ ಮೊಬೈಲಿನ ರೆಕಾರ್ಡರ್ ಆನ್ ಮಾಡಿದೆ. "ಕೆಳಗೆ ಇಳಿದ್ರೆ ಬೆವರಲ್ಲೇ ಸ್ನಾನ ಮೇಷ್ಟ್ರೇ" ಅಂದರು. ಆ ಬಿಸಿ ಯಾವ ಪಿಡಿಎಫ್‌ನಲ್ಲೂ ನನಗೆ ತಟ್ಟಿರಲಿಲ್ಲ. ನಾನು ಬರೆದಿಟ್ಟುಕೊಂಡಿದ್ದನ್ನು ಅವರಿಗೆ ಓದಿ ಹೇಳಿದೆ. ಸುಮ್ನೆ ಕೇಳಿಸಿಕೊಂಡು, "2001ರಲ್ಲಿ ಗಣಿ ಮುಚ್ಚಿದ್ರಲ್ಲ, ಇಂಥ ಕೆಲಸ ಆಮೇಲೆ ಎಲ್ಲಿಗೆ ಹೋಯ್ತು?" ಅಂದರು.

ಈಗ ಜೊಟೆರೋದಲ್ಲಿ ಹೊಸ ಫೋಲ್ಡರ್ ತೆರೆದಿದ್ದೇನೆ. ಹೆಸರು "ತಾತನ ಪ್ರಶ್ನೆ". ತಮಿಳುನಾಡಿನ ತೇನಿ ಜಿಲ್ಲೆಯಲ್ಲಿ ಯೋಚಿಸಿದ್ದ ನ್ಯೂಟ್ರಿನೋ ಕೇಂದ್ರದ ಮೊದಲ ಮೂರು ವಾಕ್ಯ ನಿನ್ನೆ ಬರೆದೆ.