ತರಗತಿಯ ಮೊದಲ ಐದು ನಿಮಿಷ ನಿಮಗಾಗಿ

ಟೀಚರ್‌ಗಳೇ, ಒಂದು ಸಲಹೆ. ಒಂದು ಕ್ಲಾಸ್ ಮುಗಿಸಿ ಇನ್ನೊಂದಕ್ಕೆ ಓಡುತ್ತೀರಿ, ಹೋದ ತಕ್ಷಣ ಮಾತು ಶುರು. ಹಾಗೆ ಮಾಡಬೇಡಿ. ಬೋರ್ಡ್ ಮೇಲೆ ಹಿಂದಿನ ಪಾಠದ ಒಂದು ಪ್ರಶ್ನೆ ಬರೆದುಬಿಡಿ. ಮಕ್ಕಳು ಸುಮ್ಮನೆ ಉತ್ತರ ಬರೆಯಲಿ. ಅಷ್ಟರಲ್ಲಿ ನೀವು ನೀರು ಕುಡಿಯಿರಿ, ಹಾಜರಿ ಹಾಕಿ, ಮಕ್ಕಳ ಮುಖ ನೋಡಿ. ಯಾರು ಸಪ್ಪಗಿದ್ದಾರೆ ಅಂತ ಆಗಲೇ ಗೊತ್ತಾಗುತ್ತದೆ. ಗದ್ದಲದ ಮೇಲೆ ಕೂಗುವುದೂ ತಪ್ಪುತ್ತದೆ, ಗಂಟಲು ಉಳಿಯುತ್ತದೆ. ನನಗಂತೂ ಇದೇ ದೊಡ್ಡ ಲಾಭ.

ಪ್ರಶ್ನೆ ಕೇಳಿದ ಮೇಲೂ ಕನಿಷ್ಠ 3 ಸೆಕೆಂಡ್ ಕಾಯಿರಿ. ಅಮೆರಿಕದ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದಾರೆ: ಟೀಚರ್‌ಗಳು ಸಾಮಾನ್ಯವಾಗಿ ಕಾಯುವುದು ಸುಮಾರು 1 ಸೆಕೆಂಡ್ ಅಷ್ಟೇ. ಜಾಸ್ತಿ ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ. ಆಗ ಮಾತಿನ ಭಾರವೆಲ್ಲ ನಿಮ್ಮೊಬ್ಬರ ಮೇಲೇ ಬೀಳುವುದಿಲ್ಲ, ಅಲ್ವಾ?