ಡಿಶ್ಶಿನ ಎಲ್‌ಎನ್‌ಬಿಯಿಂದ ಬ್ರಹ್ಮಾಂಡದ ಹಿನ್ನೆಲೆ ತಾಪ ಅಳೆಯುವುದು ಹೇಗೆ

ಕಾಸ್ಮಿಕ್ ಮೈಕ್ರೋವೇವ್ ಹಿನ್ನೆಲೆ, ಅಂದರೆ ಸಿಎಂಬಿಯನ್ನು (ಮಹಾಸ್ಫೋಟದ ಕಾಲದಿಂದ ಉಳಿದು ಇಡೀ ಆಕಾಶ ತುಂಬಿರುವ ಮಂದ ಶಾಖ) ಹಿಡಿಯುವುದು ಕಷ್ಟವಲ್ಲ. ಆಕಾಶಕ್ಕೆ ಮುಖ ಮಾಡಿ ಕೂತ ಯಾವ ಎಲ್‌ಎನ್‌ಬಿಗೂ (ಟಿವಿ ಡಿಶ್ಶಿನ ಮುಂದೆ ಕೂತು ಸಿಗ್ನಲ್ ಹಿಡಿಯುವ ಪುಟ್ಟ ಪೆಟ್ಟಿಗೆ) ಅದು ಈಗಲೂ ಬೀಳುತ್ತಲೇ ಇದೆ. ಕಷ್ಟ ಇರುವುದು ಅದನ್ನು ಉಳಿದ ಶಾಖದಿಂದ ಬೇರೆ ಮಾಡುವುದರಲ್ಲಿ. ನಿಮಗೆ ಬೇಕಿರುವುದು 2.725 ಕೆಲ್ವಿನ್. ಎಲ್‌ಎನ್‌ಬಿ, ಕನೆಕ್ಟರು, ಹಾರ್ನ್ (ಕಹಳೆಯ ಬಾಯಿಯಂಥ ಆಂಟೆನಾ) ಎಲ್ಲ ಸೇರಿ ತಾವೇ 60 ಕೆಲ್ವಿನ್ ಆಸುಪಾಸು ಗದ್ದಲ ಮಾಡುತ್ತವೆ (ರೇಡಿಯೋ ಗದ್ದಲವನ್ನೂ ತಾಪದ ಲೆಕ್ಕದಲ್ಲೇ ಹೇಳುತ್ತಾರೆ). ಉಂಗುರ ಹಾಕಿಕೊಂಡು ತೂಕದ ಯಂತ್ರ ಹತ್ತಿ ಉಂಗುರದ ತೂಕ ಹೇಳಿದ ಹಾಗೆ.

1964ರಲ್ಲಿ ನ್ಯೂಜೆರ್ಸಿಯ ಹೋಮ್‌ಡೆಲ್‌ನಲ್ಲಿ ಸಿಎಂಬಿಯನ್ನು ಮೊದಲು ಕಂಡುಹಿಡಿದ ಪೆಂಜಿಯಾಸ್ ಮತ್ತು ವಿಲ್ಸನ್ ಮಾಡಿದ್ದೂ ಇದೇ ಕಳೆಯುವ ಲೆಕ್ಕ. 4080 ಮೆಗಾಹರ್ಟ್ಸ್‌ನಲ್ಲಿ ನೆತ್ತಿಯ ಆಕಾಶ 6.7 ಕೆಲ್ವಿನ್ ತೋರಿಸಿತು. ಗಾಳಿಯದ್ದು 2.3, ಆಂಟೆನಾದ್ದು 0.8, ನೆಲದ್ದು ಹೆಚ್ಚೆಂದರೆ 0.1 ಅಂತ ಒಂದೊಂದಾಗಿ ಕಳೆಯುತ್ತಾ ಹೋದರು, ಕೊನೆಗೆ ಯಾರ ತಲೆಗೂ ಕಟ್ಟಲಾಗದ 3.5 ಉಳಿಯಿತು. ಅವರೇ ಕೊಟ್ಟ ದೋಷ 1 ಕೆಲ್ವಿನ್. ಆಂಟೆನಾದೊಳಗೆ ಗೂಡು ಕಟ್ಟಿದ್ದ ಪಾರಿವಾಳದ ಕಥೆ ಎಲ್ಲರೂ ಹೇಳುತ್ತಾರೆ, ಆದರೆ ಅವರ ನಿಜವಾದ ಬಲ ದ್ರವ ಹೀಲಿಯಂನಲ್ಲಿ ತಣ್ಣಗಿಟ್ಟ ಹೋಲಿಕೆಯ ಲೋಡ್, ಅಂದರೆ ತಾಪ ಖಚಿತವಾಗಿ ಗೊತ್ತಿರುವ ಮೂಲ.

ಸಾಮಾನಿಗೆ ಬರೋಣ. ಡಿಶ್ ಬೇಡ. ಅದರ ಅಂಚು ದಾಟಿ ನೆಲದ ಶಾಖ ಒಳಗೆ ಬರುತ್ತದೆ. ನೆಲ 300 ಕೆಲ್ವಿನ್, ಅದರಲ್ಲಿ ನೂರಕ್ಕೆ ಒಂದು ಭಾಗ ಸೋರಿದರೂ 3 ಕೆಲ್ವಿನ್ ಆಯಿತು, ನೀವು ಹುಡುಕುತ್ತಿರುವುದಕ್ಕಿಂತ ಜಾಸ್ತಿ! ಅದಕ್ಕೇ ಹಾರ್ನ್ ಬೇಕು. ಮುಂದೆ ಪ್ಲಾಸ್ಟಿಕ್ ಮುಚ್ಚಳ ಇರುವ ಮಾಮೂಲಿ ಎಲ್‌ಎನ್‌ಬಿಯ ಬಾಯಿ ತುಂಬ ಅಗಲ ನೋಡುತ್ತದೆ. ಸಿ120 ಫ್ಲ್ಯಾಂಜ್ (ಹಾರ್ನ್ ಜೋಡಿಸುವ ಚಪ್ಪಟೆ ಅಂಚು) ಇರುವ ಕೆಯು ಬ್ಯಾಂಡ್ (ಮನೆ ಡಿಶ್ ಟಿವಿಯ ಆವರ್ತನ) ಎಲ್‌ಎನ್‌ಬಿ ತಗೊಂಡು, ಬಾಯಿ 11–12 ಸೆಂಟಿಮೀಟರ್ ಇರುವ ಲೋಹದ ಹಾರ್ನ್ ಕೂರಿಸಿ. ಸುಮಾರು 20 ಡಿಬಿ ಗೇನ್ ಸಿಗುತ್ತದೆ, ಅಂದರೆ ನೋಟ ಒಂದೇ ಕಡೆಗೆ ಕೂಡುತ್ತದೆ. ಸುತ್ತ ಅಲ್ಯೂಮಿನಿಯಂ ತಗಡನ್ನು ಹೊರಗೆ ಓರೆಯಾಗಿ ನಿಲ್ಲಿಸಿ, ಆಗ ಹಾರ್ನಿನ ಪಕ್ಕದ ನೋಟಕ್ಕೆ ನೆಲದ ಬದಲು ಆಕಾಶ ಕಾಣುತ್ತದೆ. ಎಲ್‌ಎನ್‌ಬಿ ಮೇಲೆ ಗದ್ದಲ 0.1 ಡಿಬಿ ಅಂತ ಅಚ್ಚಾಗಿರುವುದನ್ನು ಸುಮ್ನೆ ನಂಬಬೇಡಿ, ಹೇಗೂ ಅಳೆಯುತ್ತೀರಿ.

ನೆಲದ ಕಾಟ ದೊಡ್ಡವರಿಗೂ ತಪ್ಪಿದ್ದಲ್ಲ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ಸಾರಸ್ 3 ಆಂಟೆನಾವನ್ನು 2020ರಲ್ಲಿ ದಂಡಿಗಾನಹಳ್ಳಿ ಕೆರೆ ಮತ್ತು ಶರಾವತಿ ಹಿನ್ನೀರಿನ ಮೇಲೆ ತೇಲಿಬಿಟ್ಟರು. ಅದು ಹುಡುಕುತ್ತಿದ್ದುದು ಬೇರೆ ಸಿಗ್ನಲ್, ಮೊದಲ ನಕ್ಷತ್ರಗಳ ಕಾಲದ ಹೈಡ್ರೋಜನ್ನಿನದು. ಆದರೆ ಕೆಳಗೆ ಏನಿದೆ ಅಂತ ಖಚಿತ ಗೊತ್ತಿರಬೇಕು ಅನ್ನುವ ಯೋಚನೆ ಅದೇ.

ಎಲ್‌ಎನ್‌ಬಿಗೆ ಕರೆಂಟ್ ಕೊಡಲು ಬಯಾಸ್ ಟೀ (ಸಿಗ್ನಲ್ ಕೇಬಲ್‌ನಲ್ಲೇ ಕರೆಂಟ್ ಸೇರಿಸುವ ಪುಟ್ಟ ಭಾಗ) ಬೇಕು. ಆ 13 ವೋಲ್ಟ್ ನಿಮ್ಮ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್‌ಗೆ (ಕಂಪ್ಯೂಟರಿಗೆ ಚುಚ್ಚುವ ರೇಡಿಯೋ ರಿಸೀವರ್) ಹೋಗದಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಡಾಂಗಲ್ ಕಥೆ ಮುಗೀತು. ಡಾಂಗಲ್‌ನ ಆಟೋಮ್ಯಾಟಿಕ್ ಗೇನ್ (ಸಿಗ್ನಲ್ಲನ್ನು ತಾನಾಗಿಯೇ ಹೆಚ್ಚು ಕಡಿಮೆ ಮಾಡುವುದು) ಆಫ್ ಮಾಡುವುದು ಕಡ್ಡಾಯ. ಅದು ಆನ್ ಇದ್ದರೆ ಬಿಸಿ, ತಣ್ಣಗೆ ಎಲ್ಲ ಒಂದೇ ಥರ ಕಾಣುತ್ತದೆ. 10.68ರಿಂದ 10.7 ಗಿಗಾಹರ್ಟ್ಸ್ ರೇಡಿಯೋ ಖಗೋಳದಂಥ ಬರೀ ಕೇಳುವ ಕೆಲಸಕ್ಕೆ ಮೀಸಲಾದ ಜಾಗ, 10.69ಕ್ಕೆ ಟ್ಯೂನ್ ಮಾಡಿ. ಎಲ್‌ಎನ್‌ಬಿ ತನ್ನ ಆಂದೋಲಕದ ಆವರ್ತನವನ್ನು ಸಿಗ್ನಲ್‌ನಿಂದ ಕಳೆದು ಕಳಿಸುತ್ತದೆ, ಅದು 9.75 ಗಿಗಾಹರ್ಟ್ಸ್‌ದಾದರೆ ಡಾಂಗಲ್‌ನಲ್ಲಿ ಅದು 940 ಮೆಗಾಹರ್ಟ್ಸ್ ಆಗಿ ಬರುತ್ತದೆ. ಮೊಬೈಲ್ ಟವರುಗಳೂ ಅಲ್ಲೇ ಮಾತಾಡುತ್ತವೆ! ಕೇಬಲ್ ಚಿಕ್ಕದಿರಲಿ, ಡಾಂಗಲ್ ಲೋಹದ ಡಬ್ಬಿಯೊಳಗಿರಲಿ.

ಮಳೆಗಾಲ ಮರೆತುಬಿಡಿ. ಡಿಸೆಂಬರ್–ಫೆಬ್ರುವರಿಯ ಒಣ ರಾತ್ರಿ, ಮೋಡ ಇಲ್ಲದ ದಿನ ಸಾಕು. ಒಂದು ಗಂಟೆ ಮೊದಲೇ ಆನ್ ಮಾಡಿ ಎಲ್‌ಎನ್‌ಬಿಗೆ ಥರ್ಮೋಕೋಲ್ ಸುತ್ತಿಡಿ. 2 ಮೆಗಾಹರ್ಟ್ಸ್ ಅಗಲದಲ್ಲಿ 10 ಸೆಕೆಂಡ್ ಸರಾಸರಿ ತೆಗೆದರೆ ಗದ್ದಲದ ದೋಷ ಬರೀ 0.015 ಕೆಲ್ವಿನ್. ಆದರೆ ಎಲ್‌ಎನ್‌ಬಿ ತಣ್ಣಗಾಗಿ ಗೇನ್ ನೂರಕ್ಕೆ ಒಂದರಷ್ಟು ಜಾರಿದರೆ 0.6 ಕೆಲ್ವಿನ್ ಹೋಯಿತು. ಹಾಗಾಗಿ ನಿಮಿಷಕ್ಕೊಮ್ಮೆ ಬಿಸಿ ಲೋಡ್, ಆಕಾಶ, ಮತ್ತೆ ಬಿಸಿ ಲೋಡ್ ಅಂತ ಬದಲಿಸುತ್ತಿರಿ.

ಬಿಸಿ ಲೋಡ್ ಅಂದರೆ ಮೈಕ್ರೋವೇವ್ ಹೀರುವ ಕಾರ್ಬನ್ ಫೋಮ್, ಪಕ್ಕದಲ್ಲೊಂದು ಥರ್ಮಾಮೀಟರ್. ತಣ್ಣನೆಯದು ಅದೇ ಫೋಮ್, ಥರ್ಮೋಕೋಲ್ ಡಬ್ಬಿಯಲ್ಲಿ ದ್ರವ ಸಾರಜನಕದಲ್ಲಿ ಮುಳುಗಿಸಿದ್ದು, 77 ಕೆಲ್ವಿನ್. ಬೆಂಗಳೂರಿನ ಎತ್ತರದಲ್ಲಿ ಹೆಚ್ಚೂಕಡಿಮೆ ಒಂದು ಡಿಗ್ರಿ ಕಡಿಮೆ ಹಾಕಿಕೊಳ್ಳಿ. (ಹಸುಗಳ ಕೃತಕ ಗರ್ಭಧಾರಣೆಗೂ ಇದೇ ಸಾರಜನಕ ಬಳಸುತ್ತಾರೆ, ಕಾಲೇಜು ಲ್ಯಾಬಿನಲ್ಲಿ ಸಿಗದಿದ್ದರೆ ಆ ಕಡೆ ವಿಚಾರಿಸಿ.) ಕೈಗವಸು, ಕನ್ನಡಕ ಹಾಕಿ, ಬಯಲಲ್ಲೇ ಕೆಲಸ ಮಾಡಿ, ಪಾತ್ರೆಗೆ ಬಿಗಿಯಾದ ಮುಚ್ಚಳ ಹಾಕಲೇಬೇಡಿ.

ಈಗ ಎರಡೂ ಲೋಡ್‌ಗಳ ಪವರ್ ಅಳೆದು ಬಿಸಿಯದನ್ನು ತಣ್ಣನೆಯದರಿಂದ ಭಾಗಿಸಿ. ಆ ಸಂಖ್ಯೆಗೆ ವೈ ಅನ್ನೋಣ. ಬಿಸಿ ತಾಪದಿಂದ ವೈ ಸಲ ತಣ್ಣನೆ ತಾಪ ಕಳೆದು, ಬಂದದ್ದನ್ನು ವೈಗಿಂತ ಒಂದು ಕಡಿಮೆಯಿಂದ ಭಾಗಿಸಿದರೆ ರಿಸೀವರಿನ ಸ್ವಂತ ತಾಪ ಸಿಕ್ಕಿತು. ಬಿಸಿ 300, ತಣ್ಣನೆ 77, ವೈ 2.63 ಬಂದರೆ ಉತ್ತರ ಸುಮಾರು 60. ಇಲ್ಲಿ ಎಚ್ಚರ ಬೇಕು: ಸಾರಜನಕದ ತಾಪ ಒಂದು ಡಿಗ್ರಿ ತಪ್ಪಿದರೆ ಕೊನೆಯ ಉತ್ತರ 1.3 ಡಿಗ್ರಿ ತಪ್ಪುತ್ತದೆ, ಬಿಸಿ ಲೋಡಿನ ಒಂದು ಡಿಗ್ರಿ ತಪ್ಪು ಬರೀ 0.3.

ಉಳಿದದ್ದು ಗಾಳಿ. ಹಾರ್ನನ್ನು ನೆತ್ತಿಯಿಂದ 20, 40, 50, 60 ಡಿಗ್ರಿ ಓರೆ ಮಾಡುತ್ತಾ ಅಳೆಯಿರಿ, ಆದರೆ ಉತ್ತರ ದಿಕ್ಕಿಗೇ. ನಮ್ಮ ಊರುಗಳಿಂದ ಟಿವಿ ಉಪಗ್ರಹಗಳ ಸಾಲು ನೆತ್ತಿಯ ದಕ್ಷಿಣಕ್ಕಿದೆ, ಬೆಂಗಳೂರಿನಿಂದ ಬರೀ 15 ಡಿಗ್ರಿ ದೂರ. ಹಾಗಾಗಿ ನೆತ್ತಿಗೇ ನೇರ ಹಿಡಿಯುವುದೂ ಬೇಡ. 60 ಡಿಗ್ರಿ ಓರೆಯಲ್ಲಿ ಗಾಳಿಯ ದಪ್ಪ ಎರಡು ಪಟ್ಟು. ಅಡ್ಡಕ್ಕೆ ಗಾಳಿಯ ದಪ್ಪ, ಉದ್ದಕ್ಕೆ ತಾಪ (ಲೋಡ್‌ಗಳ ಪವರ್‌ಗೆ ಹೋಲಿಸಿ ತೆಗೆದ, ರಿಸೀವರಿನದೂ ಸೇರಿದ ಒಟ್ಟು ತಾಪ) ಹಾಕಿ ಗೆರೆ ಎಳೆಯಿರಿ. ಆ ಗೆರೆಯ ಓರೆಯೇ ಗಾಳಿಯ ಪಾಲು, ಒಣ ರಾತ್ರಿ 3ರಿಂದ 5 ಕೆಲ್ವಿನ್. ಗೆರೆಯನ್ನು ದಪ್ಪ ಸೊನ್ನೆ ಇರುವಲ್ಲಿಗೆ ಹಿಂದಕ್ಕೆ ಎಳೆದು, ಅಲ್ಲಿ ಸಿಕ್ಕ ಸಂಖ್ಯೆಯಿಂದ ರಿಸೀವರಿನ ತಾಪ ಕಳೆಯಿರಿ.

1ರಿಂದ 5ರ ನಡುವೆ ಬಂದರೆ ಕೆಲಸ ಚೆನ್ನಾಗಿಯೇ ಆಗಿದೆ. 2.7 ಸರಿಯಾಗಿ ಬಂತು ಅಂದರೆ ನನಗೆ ಸಂಶಯ ಜಾಸ್ತಿ. 8–10 ಬಂದರೆ ಮೊದಲ ಅನುಮಾನ ನೆಲದ ಮೇಲಿರಲಿ: ತಗಡುಗಳನ್ನು ಬೇರೆ ಓರೆಗೆ ಇಟ್ಟು ಅದೇ ರಾತ್ರಿ ಇನ್ನೊಮ್ಮೆ ಅಳೆಯಿರಿ. ಸಂಖ್ಯೆ ಕದಲಿದರೆ ನೀವು ನೆಲ ಅಳೆಯುತ್ತಿದ್ದೀರಿ. ಕದಲದಿದ್ದರೆ ಸಾರಜನಕದ ಡಬ್ಬಿಯ ಕಡೆ ನೋಡಿ.